ಹೊಟ್ಟೆಗೋ ನರಕ್ಕೋ

“ಏನೂಂದ್ರೆ, ಅಮ್ಮನ ಸೀರೆ ನಿರಿಗೆ ಕಮ್ಮಿಯಾಗ್ತಿದೆ,” ಎಂದಳು ಪಂಕಜಾ.

ಅನಂತಪದ್ಮನಾಭ ಕಾಲೇಜಿಗೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದ. ಮೊದಲ ಗಂಟೆಯ ಪಾಠ ಆಗಲೇ ತಲೆಯಲ್ಲಿ ಓಡುತ್ತಿತ್ತು. “ನಿರಿಗೆ ಕಮ್ಮಿಯಾದ್ರೆ ನಾನೇನ್ಮಾಡ್ಲಿ? ಬೇರೆ ಸೀರೆ ಉಡೋಕೆ ಹೇಳು.”

“ಸೀರೆ ಅದೇ ಹದಿನೆಂಟು ಮೊಳದ್ದು. ಸುತ್ತಳತೆ ಜಾಸ್ತಿಯಾಗ್ತಿದೆ. ಊಟಕ್ಕೆ ಕೂತ್ರೆ ಎರಡು ತುತ್ತಿಗೆ ಸಾಕು ಅಂತಾರೆ. ಮುಖ ಒಣಗಿದೆ, ತೋಳು ಬತ್ತಿದೆ, ಹೊಟ್ಟೆ ಮಾತ್ರ ಮುಂದಕ್ಕೆ ಬರ್ತಿದೆ. ಎದುರುಮನೆಯವರು ಮೊನ್ನೆ ನನ್ನ ಕೇಳಿದ್ರು, ‘ಏನಮ್ಮಾ, ಸೊಸೆಗಿಂತ ಮೊದಲು ಅತ್ತೆಗೇನಾ?’ ಅಂತ. ತಮಾಷೆಗೇ ಕೇಳಿದ್ದು. ಅಮ್ಮನ ಕಿವಿಗೆ ಬಿತ್ತು. ಅವತ್ತಿಂದ ಬೀದಿ ಬಾಗಿಲಿಗೇ ಬಂದಿಲ್ಲ ಅವರು.”

ಅವನು ಆ ಸಂಜೆ ಬೇಗ ಮನೆಗೆ ಬಂದ. ತಾಯಿ ಲಕ್ಷ್ಮಿದೇವಮ್ಮ ನಡುಮನೆಯಲ್ಲಿ ಗೋಡೆಗೊರಗಿ ಅವರೆಕಾಯಿ ಸುಲಿಯುತ್ತಿದ್ದರು. ಮಗ ಪಕ್ಕದಲ್ಲಿ ಬಂದು ಕೂತದ್ದೇ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡರು.

“ಎಷ್ಟು ದಿನದಿಂದಮ್ಮಾ ಇದು?”

“ಯಾವುದು? ಓ, ಇದಾ. ವಾಯು ಕಣೋ. ಓಮದ ಕಷಾಯ ಕುಡೀತಿದೀನಿ, ಇಳಿಯತ್ತೆ.”

“ಕಾಲೂ ಊದಿದೆಯಲ್ಲ?”

“ವಯಸ್ಸಾಗ್ಲಿಲ್ವೇ ನಂಗೆ? ಹೋಗು, ಕೈಕಾಲು ತೊಳ್ಕೊಂಡು ಬಾ. ಕಾಫಿ ಆರತ್ತೆ.”

ಅವರಿಗಿನ್ನೂ ಐವತ್ತಮೂರು. ಗಂಡ ಗಂಗಾಧರಯ್ಯನವರು ಅಕೌಂಟ್ಸ್ ಆಫೀಸಿನಿಂದ ನಿವೃತ್ತರಾಗಿ, ಜಯನಗರದ ಎರಡನೇ ಬ್ಲಾಕಿನಲ್ಲಿ ಈ ಮನೆ ಕಟ್ಟಿಸಿದ ಮೇಲೆ ಆಕೆ ಒಂದು ದಿನವೂ ಡಾಕ್ಟರ ಮುಖ ನೋಡಿದವರಲ್ಲ. ಈಗಲೂ ಸುಲಭಕ್ಕೆ ಒಪ್ಪಲಿಲ್ಲ. ಕೊನೆಗೆ ಗಂಗಾಧರಯ್ಯನವರೇ ಗದರಿಸಿ, ಯಡಿಯೂರು ಕೆರೆಯ ದಾರಿಯಲ್ಲಿ ದವಾಖಾನೆ ಇಟ್ಟುಕೊಂಡಿದ್ದ ಡಾಕ್ಟರ್ ಪರಮಶಿವಯ್ಯನವರ ಹತ್ತಿರ ಕರೆದುಕೊಂಡು ಹೋದರು. ಪರಮಶಿವಯ್ಯನವರು ಹೊಟ್ಟೆಯ ಮೇಲೆ ಒಂದು ಬೆರಳಿಟ್ಟು ಇನ್ನೊಂದರಿಂದ ತಟ್ಟಿ ನೋಡಿದರು. ಆಕೆಯನ್ನು ಹೊರಗೆ ಕೂರಿಸಿ, “ನೀರು ತುಂಬಿದೆ, ಕೆಳಗಡೆ ಗಂಟು ಸಿಗತ್ತೆ. ತಡ ಮಾಡದೆ ದೊಡ್ಡಾಸ್ಪತ್ರೆಗೆ ಹೋಗಿ,” ಎಂದು ಚೀಟಿ ಬರೆದುಕೊಟ್ಟರು.

ದೊಡ್ಡಾಸ್ಪತ್ರೆಯಲ್ಲಿ ಸರ್ಜನ್ ಜಯದೇವಪ್ಪನವರು ಸಂಕ್ರಾಂತಿ ಕಳೆದ ವಾರ ಆಪರೇಷನ್ ಮಾಡಿದರು. ಬೇಗನೇ ಹೊರಗೆ ಬಂದರು. ಅಷ್ಟು ಬೇಗ ಬಂದದ್ದು ಒಳ್ಳೆಯದಕ್ಕಲ್ಲ ಎಂದು ಅವರ ಮುಖ ನೋಡಿದರೇ ತಿಳಿಯುತ್ತಿತ್ತು. ತಂದೆ ಮಗ ಇಬ್ಬರನ್ನೂ ವರಾಂಡದ ತುದಿಗೆ ಕರೆದುಕೊಂಡು ಹೋದರು.

“ಅಂಡಾಶಯದ ಕ್ಯಾನ್ಸರ್. ಆಗೋವಷ್ಟು ತೆಗೆದೆ. ಮಿಕ್ಕಿದ್ದು ಹೊಟ್ಟೆ ತುಂಬಾ ಹರಡಿದೆ. ಕರುಳಿನ ಮೇಲೆ, ಪೊರೆಯ ಮೇಲೆ, ಸಾಸಿವೆ ಚೆಲ್ಲಿದ ಹಾಗೆ. ಅದನ್ನ ಹೆಕ್ಕೋಕಾಗಲ್ಲ.”

ಗಂಗಾಧರಯ್ಯನವರು ಕೈಯಲ್ಲಿದ್ದ ಕೊಡೆಯನ್ನು ಗೋಡೆಗೆ ಒರಗಿಸಿದರು. ಅದು ಜಾರಿ ಬಿತ್ತು. ಯಾರೂ ಎತ್ತಲಿಲ್ಲ. “ಮುಂದೇನು?” ಎಂದರು.

“ಔಷಧಿ ಇದೆ. ಗುಣ ಆಗತ್ತೆ ಅನ್ನಲ್ಲ, ತಡೆ ಹಿಡಿಯತ್ತೆ. ಯುದ್ಧದ ಕಾಲದ ವಿಷದ ಗಾಳಿಯಿಂದ ಹುಟ್ಟಿದ ಔಷಧಿಗಳ ಜಾತಿ ಅದು. ಕೊಡೋಕೆ ಎರಡು ದಾರಿ. ಹೊಟ್ಟೆ ನೀರು ಬಸಿದು, ಅದೇ ತೂತಿನಲ್ಲಿ ಔಷಧೀನ ಹೊಟ್ಟೆಯೊಳಕ್ಕೇ ಬಿಡೋದು ಒಂದು. ಕೈ ನರಕ್ಕೆ ಕೊಟ್ಟು, ರಕ್ತದ ಜೊತೆ ಮೈಗೆಲ್ಲಾ ಕಳಿಸೋದು ಇನ್ನೊಂದು.”

“ಎರಡೂ ಕೊಟ್ಟುಬಿಡಿ.”

“ತಡ್ಕೊಳ್ಳಲ್ಲ ಸ್ವಾಮಿ. ರಕ್ತದ ಬಿಳಿ ಕಣ ಬಿದ್ದುಹೋಗತ್ತೆ. ಯಾವುದಾದರೂ ಒಂದು.”

“ಯಾವುದು ಮೇಲು ಅದನ್ನ ಹೇಳಿ ಮತ್ತೆ.”

ಜಯದೇವಪ್ಪನವರು ಕನ್ನಡಕ ತೆಗೆದು ಕೋಟಿನ ಅಂಚಿನಿಂದ ಒರೆಸಿದರು. “ನಮ್ಮಲ್ಲಿ ಇದು ಬಂದು ಎಷ್ಟು ಕಾಲ ಆಯ್ತು? ನಾನು ಕೊಟ್ಟಿರೋದು ಬೆರಳೆಣಿಕೆಯಷ್ಟು ಜನಕ್ಕೆ. ಕೆಲವರಿಗೆ ಹೊಟ್ಟೆಗೆ ಕೊಟ್ಟೆ, ಕೆಲವರಿಗೆ ನರಕ್ಕೆ. ಇದೇ ಮೇಲು ಅಂತ ಎದೆ ಮುಟ್ಟಿ ಹೇಳಲಾರೆ.” ಆಮೇಲೆ ಅನಂತಪದ್ಮನಾಭನ ಕಡೆ ತಿರುಗಿದರು. “ನೀವು ಏನ್ಮಾಡ್ಕೊಂಡಿದೀರಿ?”

“ಸ್ಟಾಟಿಸ್ಟಿಕ್ಸ್ ಲೆಕ್ಚರರ್ ಸಾರ್.”

“ಹೌದಾ? ಹಾಗಾದ್ರೆ ನಮ್ಮ ಮೆಡಿಕಲ್ ಕಾಲೇಜು ಲೈಬ್ರರಿಗೆ ಬನ್ನಿ. ಹೊರದೇಶದ ಪತ್ರಿಕೆಗಳಿವೆ. ನಾನೂ ಓದ್ತೀನಿ, ನೀವೂ ಓದಿ. ಔಷಧಿ ಬೊಂಬಾಯಿಂದ ಬರೋದಕ್ಕೆ ಹೇಗೂ ಸಮಯ ಹಿಡಿಯತ್ತೆ.”

ಬಸ್ಸಿನಲ್ಲಿ ಹಿಂದಿರುಗುವಾಗ ಗಂಗಾಧರಯ್ಯನವರು ಲಾಲ್‌ಬಾಗಿನ ಹತ್ತಿರ ಎರಡೇ ಮಾತು ಹೇಳಿದರು. “ಕ್ಯಾನ್ಸರ್ ಅನ್ನೋದು ಮನೇಲಿ ಯಾರ ಬಾಯಲ್ಲೂ ಬರಕೂಡದು. ನೀನು ಓದಿ ತೀರ್ಮಾನ ಮಾಡು.”

ಲಕ್ಷ್ಮಿದೇವಮ್ಮ ಹೊಲಿಗೆ ಬಿಚ್ಚಿಸಿಕೊಂಡು ಮನೆಗೆ ಬಂದರು. ಗಡ್ಡೆ ತೆಗೆದಿದ್ದಾರೆ, ಇನ್ನು ನೀರು ಒಣಗಿಸುವ ಇಂಜೆಕ್ಷನ್ ಒಂದು ಬಾಕಿ ಎಂದಷ್ಟೇ ಅವರಿಗೆ ಹೇಳಿದ್ದಾಗಿತ್ತು. ಹನುಮಂತನಗರದಿಂದ ಮಗಳು ಚೂಡಾಮಣಿ ಮಧ್ಯಾಹ್ನ ಮಧ್ಯಾಹ್ನ ಕ್ಯಾರಿಯರ್ ಹಿಡಿದುಕೊಂಡು ಬರತೊಡಗಿದಳು. ಅವಳು ಅನಂತಪದ್ಮನಾಭನಿಗೆ ಅಕ್ಕ. ಬಾಯಿ ಜೋರು, ಕೈಯೂ ಅಷ್ಟೇ ಚುರುಕು. ಬಂದವಳು ನೇರ ಅಡುಗೆಮನೆಗೆ ನುಗ್ಗಿ ಪಾತ್ರೆಗಳ ಮುಚ್ಚಳ ತೆಗೆದು ನೋಡುತ್ತಿದ್ದಳು.

“ಈ ಸಾರಿಗೆ ಇಷ್ಟು ಖಾರ ಹಾಕಿದೀಯಲ್ಲ ಪಂಕಜಾ, ಅಮ್ಮ ತಿಂತಾರೇನೇ ಇದನ್ನ?”

“ಅಮ್ಮನಿಗೆ ಬೇರೆ ಮಾಡಿದೀನಿ ಅಕ್ಕ. ಮೆಣಸು ಜೀರಿಗೆ ಹಾಕಿ.”

“ಎಲ್ಲಿ? ಇಷ್ಟೇನಾ?”

“ಅಷ್ಟನ್ನೂ ಮುಗಿಸಲ್ಲ ಅವರು.”

“ಬಡಿಸೋರು ಮುಗಿಸೋ ಹಾಗೆ ಬಡಿಸ್ಬೇಕು.”

ಬೆಳಗ್ಗೆಯಿಂದ ಅತ್ತೆಯ ಸ್ನಾನ, ಬಟ್ಟೆ, ಗಂಜಿ, ಮಾವನ ಮಡಿ, ಗಂಡನ ಡಬ್ಬಿ ಎಲ್ಲ ಪಂಕಜಾಳ ಕೈಯಲ್ಲೇ ಆಗಬೇಕಾಗಿತ್ತು. ಒಲೆಯ ಮೇಲಿನ ಪಾತ್ರೆಯನ್ನು ಸ್ವಲ್ಪ ಸದ್ದಾಗುವಂತೆ ಇಳಿಸಿದಳು, ಅಷ್ಟೇ.

ಗಂಡಸರು ಎಲೆಯ ಮುಂದೆ ಕೂತಾಗ ಚೂಡಾಮಣಿ ತುಪ್ಪ ಬಡಿಸುತ್ತ ತಗ್ಗಿದ ದನಿಯಲ್ಲಿ ಶುರು ಮಾಡಿದಳು. “ಅನಂತು, ನಮ್ಮನೆಯವರ ಆಫೀಸರ ಹೆಂಡತಿಗೆ ಮದ್ರಾಸಿನಲ್ಲಿ ನರಕ್ಕೆ ಕೊಟ್ರಂತೆ. ಎರಡು ವರ್ಷ ಆಯ್ತು, ಆಕೆ ಚೆನ್ನಾಗಿದಾಳೆ. ಸುಮ್ನೆ ಹೊಟ್ಟೆ ತೂತು ಗೀತು ಅಂತ ಹೋಗ್ಬೇಡಿ.”

“ಆಕೆಗೆ ಯಾವ ಕಾಯಿಲೆ ಅಕ್ಕ?”

“ಇಂಥದೇ ಏನೋ. ಎದೇಲಿ.”

“ಅದು ಬೇರೆ.”

“ಏನು ಬೇರೆ? ಕ್ಯಾ...” ಎಂದವಳು ತಂದೆಯ ಕಣ್ಣು ನೋಡಿ ನುಂಗಿಕೊಂಡಳು.

“ರೋಗ ಇರೋದು ಹೊಟ್ಟೇಲಿ,” ಎಂದರು ಗಂಗಾಧರಯ್ಯನವರು. “ಔಷಧೀನೂ ಹೊಟ್ಟೆಗೇ ಹೋಗ್ಬೇಕು. ಕೈಗೆ ಕೊಟ್ಟು ಮೈಯೆಲ್ಲಾ ಸುತ್ತಾಡಿಸಿ ಅಲ್ಲಿಗೆ ತರೋದು ಯಾವ ಬುದ್ಧಿವಂತಿಕೆ?”

“ಹಾಗಂತ ನೀವು ಹೇಳ್ತೀರಿ ಅಪ್ಪ. ನೋವು ತಿನ್ನೋರು ಅಮ್ಮ. ಮೊದಲು ಅವರಿಗೆ ಇರೋ ವಿಷಯ ಹೇಳಿ. ಸುಳ್ಳು ಹೇಳಿ ಎಷ್ಟು ದಿನ ಸಾಗಿಸ್ತೀರಿ?”

“ಚೂಡಾ, ಬಾಯ್ಮುಚ್ಚು.”

ಒಳಕೋಣೆಯಿಂದ ಲಕ್ಷ್ಮಿದೇವಮ್ಮನ ದನಿ ಬಂತು. “ಯಾಕೆ ಊಟದ ಹೊತ್ತಲ್ಲಿ ಜಗಳ? ಅನಂತಂಗೆ ಮೊಸರು ಬಡಿಸಿದ್ಯೇನೇ?”

ಅನಂತಪದ್ಮನಾಭ ಕಾಲೇಜು ಮುಗಿಸಿ ಪ್ರತಿ ಸಂಜೆ ಮೆಡಿಕಲ್ ಕಾಲೇಜಿಗೆ ಹೋಗತೊಡಗಿದ. ಮೊದಲ ದಿನ ಅವನಿಗೆ ಒಂದು ಬಗೆಯ ಧೈರ್ಯವೇ ಇತ್ತು. ಆಪರೇಷನ್ ಥಿಯೇಟರಿನ ಹೊರಗೆ ಅವನು ಯಾರೂ ಅಲ್ಲ. ಆದರೆ ಅಂಕಿಗಳು ಅವನ ಮನೆಯ ಮಾತು. ಇಷ್ಟು ಜನಕ್ಕೆ ಹೀಗೆ ಕೊಟ್ಟರು, ಇಷ್ಟು ಜನ ಉಳಿದರು; ಅಷ್ಟು ಜನಕ್ಕೆ ಹಾಗೆ ಕೊಟ್ಟರು, ಅಷ್ಟು ಜನ ಉಳಿದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಉತ್ತರ ತಾನಾಗಿ ಬರಬೇಕು.

ಬರಲಿಲ್ಲ. ಒಂದು ಪತ್ರಿಕೆಯಲ್ಲಿ ಒಬ್ಬ ಡಾಕ್ಟರು ಹೊಟ್ಟೆಗೆ ಕೊಟ್ಟು, ಅರ್ಧಕ್ಕಿಂತ ಹೆಚ್ಚು ಹೆಂಗಸರಿಗೆ ಗುಣ ಕಂಡಿತು ಎಂದು ಬರೆದಿದ್ದ. ಗುಣ ಎಂದರೇನು ಎಂದು ಹುಡುಕಿದರೆ, ಒಂದು ತಿಂಗಳು ಹೊಟ್ಟೆಯಲ್ಲಿ ನೀರು ಮರುತುಂಬಲಿಲ್ಲ ಎಂದರ್ಥ. ನರಕ್ಕೆ ಕೊಟ್ಟ ಇನ್ನೊಬ್ಬನಿಗೆ ಅರ್ಧಕ್ಕಿಂತ ಕಡಿಮೆ ಜನರಲ್ಲಿ ಗುಣ ಕಂಡಿತ್ತು. ಅವನ ಲೆಕ್ಕದಲ್ಲಿ ಗುಣವೆಂದರೆ ಗಂಟು ಕುಗ್ಗಿದ್ದು ಕೈಗೆ ತಿಳಿಯಬೇಕು. ಮೊದಲನೆಯವನು ಆರಿಸಿಕೊಂಡದ್ದು ಎದ್ದು ಓಡಾಡುವ ರೋಗಿಗಳನ್ನು. ಎರಡನೆಯವನ ಪಾಲಿಗೆ ಬಂದವರು ಎಲ್ಲ ಕಡೆ ತೋರಿಸಿ ಕೈಬಿಟ್ಟವರು. ಮೂರನೆಯವನು ಎರಡೂ ರೀತಿ ಕೊಟ್ಟಿದ್ದ. ಆದರೆ ಯಾರಿಗೆ ಯಾವುದನ್ನು ಏಕೆ ಕೊಟ್ಟೆ ಎಂದು ಎಲ್ಲಿಯೂ ಬರೆದಿರಲಿಲ್ಲ. ಒಂದೇ ತರಹದ ರೋಗಿಗಳನ್ನು ಚೀಟಿ ಎತ್ತಿ ಎರಡು ಪಾಲು ಮಾಡಿ, ಒಂದು ಪಾಲಿಗೆ ಹೊಟ್ಟೆಗೆ, ಇನ್ನೊಂದಕ್ಕೆ ನರಕ್ಕೆ ಕೊಟ್ಟು ನೋಡಿದವರು ಅವನು ಹುಡುಕಿದ ಕಡೆ ಯಾರೂ ಸಿಗಲಿಲ್ಲ. ಕ್ಲಾಸಿನ ಹುಡುಗರು ಇಂಥ ಲೆಕ್ಕ ಮಾಡಿ ತಂದಿದ್ದರೆ ಅವನು ಕೆಂಪು ಇಂಕಿನಲ್ಲಿ ಗೀಟು ಹಾಕಿ ವಾಪಸು ಕೊಡುತ್ತಿದ್ದ. ಇದನ್ನು ಯಾರಿಗೆ ವಾಪಸು ಕೊಡುವುದು?

ಒಂದು ಸಂಜೆ ಜಯದೇವಪ್ಪನವರು ಬಂದು ಎದುರು ಕುರ್ಚಿಯಲ್ಲಿ ಕೂತರು. “ಏನಾದ್ರೂ ಸಿಕ್ತಾ?”

“ಇಲ್ಲ ಸಾರ್. ಇವರ ರೋಗಿಗಳೇ ಬೇರೆ, ಅವರ ರೋಗಿಗಳೇ ಬೇರೆ. ಹೋಲಿಸೋಕೆ ಬರಲ್ಲ.”

“ನಂಗೂ ಅಷ್ಟೇ ಕಂಡಿದ್ದು. ನೀವು ಲೆಕ್ಕದವರು, ನನ್ನ ಕಣ್ಣಿಗೆ ಕಾಣದೇ ಇರೋದು ನಿಮಗೇನಾದ್ರೂ ಕಂಡೀತು ಅಂದ್ಕೊಂಡಿದ್ದೆ.”

“ಹೊಟ್ಟೆಗೆ ಕೊಟ್ರೆ ಕರುಳು ಅಂಟಿಕೊಳ್ಳತ್ತೆ ಅಂತ ಒಂದು ಕಡೆ ಬರೆದಿದಾರೆ.”

“ಅಂಟಿಕೊಳ್ಳತ್ತೆ, ಕೆಲವರಿಗೆ. ರೋಗದಿಂದಲೂ ಅಂಟಿಕೊಳ್ಳತ್ತೆ. ನರಕ್ಕೆ ಕೊಟ್ರೆ ರಕ್ತ ಬೇಗ ಕೆಡತ್ತೆ, ಕೆಲವರಿಗೆ.” ಅವರು ಎದ್ದು ನಿಂತರು. “ಔಷಧಿ ಮುಂದಿನ ವಾರ ಬರತ್ತೆ. ಏನು ಮಾಡ್ಬೇಕು ಹೇಳಿ.”

ಆ ಭಾನುವಾರ ಮನೆಯವರೆಲ್ಲ ನಡುಮನೆಯಲ್ಲಿ ಸೇರಿದರು. ಪಂಕಜಾ ಅವಲಕ್ಕಿ ಒಗ್ಗರಣೆ ತಂದಿಟ್ಟಳು. ಯಾರೂ ಮುಟ್ಟಲಿಲ್ಲ.

“ಹೇಳಪ್ಪ,” ಎಂದರು ಗಂಗಾಧರಯ್ಯನವರು.

“ಹೇಳೋದು ಕಷ್ಟ ಅಪ್ಪ.”

“ಕಷ್ಟ ಅನ್ನೋದು ನನಗೂ ಗೊತ್ತು. ಇಷ್ಟು ದಿನ ಓದಿದೀಯಲ್ಲ, ಯಾವುದು ಅಂತ ಹೇಳು.”

“ಅದನ್ನ ಹೇಳೋಕೆ ಬೇಕಾದ ಲೆಕ್ಕಾನೇ ಯಾರೂ ಮಾಡಿಲ್ಲ. ಒಂದಕ್ಕಿಂತ ಇನ್ನೊಂದು ಮೇಲು ಅಂತ ಇವತ್ತು ಯಾರು ಹೇಳಿದ್ರೂ ಅದು ಊಹೆ.”

“ಎಂ.ಎಸ್ಸಿ ಓದಿಸಿದ್ದು ಇದಕ್ಕೇನಾ? ಗೊತ್ತಿಲ್ಲ ಅಂತ ಹೇಳೋಕೆ? ಓದದೇ ಇರೋ ನಾನೂ ಅದನ್ನ ಹೇಳಬಲ್ಲೆ!”

“ಊಹೆ ಆದ್ರೆ ಊಹೇನೇ ಹೇಳೋ,” ಎಂದಳು ಚೂಡಾಮಣಿ. “ನೀನು ಹೇಳಲ್ಲ, ಡಾಕ್ಟರು ಹೇಳಲ್ಲ, ಅಪ್ಪ ಹೇಳಿದ್ದೇ ಹೇಳ್ತಾರೆ. ಅಮ್ಮ ಅಲ್ಲಿ ದಿನಾ ಊದಿಕೊಳ್ತಿದಾರೆ. ನರಕ್ಕೆ ಕೊಡ್ಸಿ ಅಂದೆ, ಕಿವಿಗೆ ಹಾಕ್ಕೊಂಡ್ರಾ?”

“ಹೊಟ್ಟೆಗೆ!” ಎಂದು ಗಂಗಾಧರಯ್ಯನವರು ಕುರ್ಚಿಯ ಕೈಗೆ ಗುದ್ದಿದರು.

“ಅದೇನದು ಹೊಟ್ಟೆಗೋ ನರಕ್ಕೋ ಅಂತ ದಿನಾ?”

ಲಕ್ಷ್ಮಿದೇವಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಪಂಕಜಾ ಓಡಿಹೋಗಿ ತೋಳು ಹಿಡಿದಳು. ಗಂಗಾಧರಯ್ಯನವರು ಗೋಡೆಯ ಕಡೆ ನೋಡಿದರು. ಅನಂತಪದ್ಮನಾಭನೇ ಹೇಳಬೇಕಾಯಿತು. “ಆ ನೀರೊಣಗಿಸೋ ಔಷಧಿ ಅಮ್ಮ. ಹೊಟ್ಟೆಗೆ ಬಿಡಬಹುದು, ಇಲ್ಲ ಕೈ ನರಕ್ಕೆ ಚುಚ್ಚಬಹುದು.”

“ಇದಕ್ಕೇನಾ?” ಆಕೆ ಎಡತೋಳಿನ ಸೆರಗು ಸರಿಸಿದರು. ಆಪರೇಷನ್ ಸಮಯದಲ್ಲಿ ಗ್ಲೂಕೋಸ್ ಹಾಕಲು ನರ ಸಿಗದೆ ಚುಚ್ಚಿ ಚುಚ್ಚಿ ಮೊಣಕೈಯಿಂದ ಮಣಿಕಟ್ಟಿನ ತನಕ ನೀಲಿಗಟ್ಟಿದ್ದು ಇನ್ನೂ ಹಳದಿ ಹಳದಿಯಾಗಿ ಉಳಿದಿತ್ತು. “ಈ ಕೈಗೆ ಮತ್ತೆ ಸೂಜಿ ಬೇಡಪ್ಪ. ನನ್ನ ನರ ಯಾರಿಗೂ ಸಿಗಲ್ಲ. ಹೊಟ್ಟೆಗೇ ಹಾಕ್ಲಿ. ಹೇಗೂ ಒಂದ್ಸಲ ಕುಯ್ದಾಗಿದೆ.”

ತೀರ್ಮಾನವಾದದ್ದು ಹೀಗೆ. ಅನಂತಪದ್ಮನಾಭ ಓದಿದ ಯಾವ ಪತ್ರಿಕೆಯಲ್ಲಿಯೂ ಇದು ಕಾರಣವಾಗಿರಲಿಲ್ಲ. ಆದರೂ ಅದನ್ನು ಕೇಳಿದ್ದೇ ಅವನ ಎದೆಯ ಮೇಲಿನ ಕಲ್ಲನ್ನು ಯಾರೋ ಎತ್ತಿದ ಹಾಗಾಯಿತು. ಎತ್ತಿದವರು ಯಾರೆಂದು ನೆನೆದಾಗ ನಾಚಿಕೆಯಾಯಿತು. ಅವಲಕ್ಕಿಯ ತಟ್ಟೆಯನ್ನು ಹತ್ತಿರ ಎಳೆದುಕೊಂಡು, ಬೇಡದಿದ್ದರೂ ತಿಂದ.

ಜಯದೇವಪ್ಪನವರು ಹೊಟ್ಟೆಯ ನೀರು ಬಸಿದರು. ಬಕೆಟ್ಟಿನಲ್ಲಿ ಅದು ಕಡಲೆಬೇಳೆ ತೊಳೆದ ನೀರಿನ ಬಣ್ಣಕ್ಕಿತ್ತು. ಅದೇ ಕೊಳವೆಯಲ್ಲಿ ಔಷಧಿ ಒಳಕ್ಕೆ ಹೋಯಿತು. ಹೊಟ್ಟೆಯ ಮೂಲೆಮೂಲೆಗೂ ಅದು ಮುಟ್ಟಬೇಕೆಂದರೆ ರೋಗಿಯನ್ನು ಬಲಕ್ಕೆ, ಎಡಕ್ಕೆ, ಬೋರಲು, ಅಂಗಾತ ಹೊರಳಿಸುತ್ತಿರಬೇಕು. ನರ್ಸಿಗೆ ಬೇರೆ ಹಾಸಿಗೆಗಳಿದ್ದವು. ಅನಂತಪದ್ಮನಾಭ ತಲೆಯ ಕಡೆ, ಪಂಕಜಾ ಕಾಲಿನ ಕಡೆ ನಿಂತು ಹೊರಳಿಸಿದರು. ಪ್ರತಿ ಹೊರಳಿಗೂ ಆಕೆ ಹಲ್ಲು ಕಚ್ಚಿ, “ನಿಧಾನ ಕಣೇ ಪಂಕಜಾ, ನಾನೇನು ಚಪಾತಿ ಹಿಟ್ಟಲ್ಲ,” ಎಂದರು. ಪಂಕಜಾ ನಗಲು ಹೋಗಿ ಅತ್ತುಬಿಟ್ಟಳು.

ಜ್ವರ ಬಂತು, ವಾಂತಿಯಾಯಿತು, ಹೊಟ್ಟೆ ಬೆಂಕಿಯಾಯಿತು. ಆಮೇಲೆ ಎಲ್ಲ ಇಳಿಯಿತು. ನೀರು ಮತ್ತೆ ತುಂಬಲಿಲ್ಲ. ಯುಗಾದಿಯ ಹೊತ್ತಿಗೆ ಲಕ್ಷ್ಮಿದೇವಮ್ಮ ಅಡುಗೆಮನೆಯ ಮಣೆಯ ಮೇಲೆ ಕೂತಿದ್ದರು.

“ಹೂರಣ ಇಷ್ಟು ನೀರಾದ್ರೆ ಒಬ್ಬಟ್ಟು ತಟ್ಟೋದು ಹೇಗೆ? ಬೇಳೆ ಬಸಿದ್ಯೋ ಇಲ್ವೋ?”

“ಬಸಿದೆ ಅಮ್ಮ.”

“ಬಸಿದ ಹಾಗಿಲ್ಲ. ಕೊಡು ಇಲ್ಲಿ.”

ಸೊಸೆಯೊಡನೆ ಆಕೆ ಜಗಳವಾಡುವುದನ್ನು ಗಂಗಾಧರಯ್ಯನವರು ನಡುಮನೆಯಲ್ಲಿ ಕೂತು ಸಂಗೀತ ಕೇಳುವವರಂತೆ ಕೇಳಿದರು. ಸಂಜೆ ಹನುಮಂತನಗರದ ಗುಡ್ಡ ಹತ್ತಿ ದೇವರಿಗೆ ಹಣ್ಣುಕಾಯಿ ಮಾಡಿಸಿಕೊಂಡು ಬಂದರು. ಚೂಡಾಮಣಿಯೂ ಒಬ್ಬಟ್ಟು ತಿಂದು, “ಆಯ್ತಪ್ಪ, ಹೊಟ್ಟೆಗೇ ಸರಿಯಿತ್ತು ಅಂತ ಇಟ್ಕೊಳ್ಳಿ,” ಎಂದಳು.

ಅನಂತಪದ್ಮನಾಭ ಆಸ್ಪತ್ರೆಗೆ ಹೋಗಿ ಹೇಳಿದಾಗ ಜಯದೇವಪ್ಪನವರು, “ಸಂತೋಷ. ನಾವು ಓದಿದ ಪತ್ರಿಕೆಗಳಲ್ಲಾಗಿದ್ರೆ ನಿಮ್ಮ ತಾಯಿ ‘ಗುಣ ಕಂಡವರು’ ಅನ್ನೋ ಸಾಲಿಗೆ ಬರ್ತಾರೆ,” ಎಂದರು. ಅವನು ತಲೆಯಾಡಿಸಿದ. ಆ ಸಾಲಿನಲ್ಲಿದ್ದವರು ಮುಂದೆ ಏನಾದರೆಂದು ಯಾವ ಪತ್ರಿಕೆಯೂ ಬರೆದಿರಲಿಲ್ಲ.

ಬೇಸಿಗೆ ಮುಗಿಯುವಷ್ಟರಲ್ಲಿ ಅವನಿಗೆ ಗೊತ್ತಾಯಿತು. ತಿಂದದ್ದು ಒಳಗೆ ನಿಲ್ಲದಾಯಿತು. ಮೊದಲು ಅನ್ನ, ಆಮೇಲೆ ಗಂಜಿ, ಆಮೇಲೆ ನೀರು. ಜಯದೇವಪ್ಪನವರು ಬಂದು ಹೊಟ್ಟೆ ಮುಟ್ಟಿ ನೋಡಿ, ಹೊರಗೆ ಬಂದರು. “ಕರುಳು ಅಲ್ಲಲ್ಲಿ ಅಂಟಿಕೊಂಡು ದಾರಿ ಮುಚ್ಚಿದೆ.”

“ಔಷಧಿಯಿಂದ್ಲಾ ಸಾರ್?”

“ಇರಬಹುದು. ರೋಗದಿಂದ್ಲೂ ಇರಬಹುದು. ತೆರೆದು ನೋಡಿದ್ರೂ ಹೇಳೋಕಾಗಲ್ಲ. ತೆರೆಯೋ ಶಕ್ತಿಯೂ ಆಕೆಗಿಲ್ಲ.”

“ಈಗ ನರಕ್ಕೆ ಕೊಟ್ರೆ?”

“ರಕ್ತ ನೋಡಿದೆ. ಈಗ ಕೊಟ್ರೆ ಅದೇ ಕೊಂದುಬಿಡತ್ತೆ.” ಅವರು ಅವನ ಭುಜದ ಮೇಲೆ ಕೈಯಿಟ್ಟರು. “ಮನೇಲೇ ಇರಲಿ. ನೋವಿಗೆ ಮಾತ್ರ ಪರಮಶಿವಯ್ಯನವರು ಬಂದು ಇಂಜೆಕ್ಷನ್ ಕೊಟ್ಟುಹೋಗ್ತಾರೆ.”

ಡಾಕ್ಟರ ಬೆನ್ನು ಗೇಟು ದಾಟಿದ್ದೇ ಚೂಡಾಮಣಿ ಸಿಡಿದಳು. “ಹೇಳಿದ್ನೋ ಇಲ್ವೋ? ನರಕ್ಕೆ ಕೊಡ್ಸಿ ಅಂತ ಬಡ್ಕೊಂಡೆ. ಈಗ ಹೇಳು ಅನಂತು, ನರಕ್ಕೆ ಕೊಡ್ಸಿದ್ರೆ ಹೀಗಾಗ್ತಿತ್ತಾ?”

“ಗೊತ್ತಿಲ್ಲ ಅಕ್ಕ.”

“ಗೊತ್ತಿಲ್ಲ! ಏನು ಕೇಳಿದ್ರೂ ಗೊತ್ತಿಲ್ಲ. ಬಾಯಿಗೆ ಇನ್ನೊಂದು ಮಾತೇ ಬರಲ್ವಾ ನಿಂಗೆ?”

“ಅಕ್ಕ, ಮೆಲ್ಲಗೆ,” ಎಂದಳು ಪಂಕಜಾ. “ಕೇಳಿಸತ್ತೆ.”

ಕೇಳಿಸಿತ್ತು. ಮರುದಿನ ಬೆಳಗ್ಗೆ ಅನಂತಪದ್ಮನಾಭ ಒದ್ದೆ ಹತ್ತಿಯಿಂದ ತಾಯಿಯ ತುಟಿ ಒರೆಸುತ್ತಿದ್ದಾಗ ಆಕೆ ಅವನ ಮಣಿಕಟ್ಟು ಹಿಡಿದುಕೊಂಡರು. ಹಿಡಿತದಲ್ಲಿ ಬಲವಿರಲಿಲ್ಲ.

“ನನ್ನ ಕಾಯಿಲೆ ಏನು ಅಂತ ನಂಗೊತ್ತು ಕಣೋ. ನಿಮ್ಮಪ್ಪನಿಗೆ ಹೇಳಬೇಡ, ಪಾಪ.”

ಅವನು ಹತ್ತಿಯನ್ನು ಬಟ್ಟಲಿಗೆ ಹಾಕಿದ.

“ಒಂದು ಮಾತು ಹೇಳು. ಹೊಟ್ಟೆಗೇ ಹಾಕ್ಲಿ ಅಂತ ಅಂದೋಳು ನಾನು. ಸೂಜಿಗೆ ಹೆದರಿ ಅಂದೆ. ತಪ್ಪು ಮಾಡಿದ್ನೇನೋ? ಚೂಡಾ ನಿನ್ನ ಬೈತಾಳೆ. ಬೈಯಬೇಕಾದ್ದು ನನ್ನ.”

ಬಾಗಿಲ ಬಳಿ ಚೂಡಾಮಣಿ ಒಗೆದ ಬಟ್ಟೆ ಹಿಡಿದು ನಿಂತಿದ್ದಳು. ಅವಳ ಹಿಂದೆ ಗಂಗಾಧರಯ್ಯನವರು. ಅನಂತಪದ್ಮನಾಭ ಅವರನ್ನು ನೋಡಲಿಲ್ಲ, ತಾಯಿಯ ಮುಖವನ್ನೇ ನೋಡುತ್ತಿದ್ದ. ಎರಡು ವಾರ ಅಷ್ಟೊಂದು ಪತ್ರಿಕೆ ಮಗುಚಿ ಸಿಗದೇ ಹೋಗಿದ್ದ ಮಾತು ಅವನ ಬಾಯಿಗೆ ತಡೆಯಿಲ್ಲದೆ ಬಂತು.

“ಇಲ್ಲಮ್ಮ. ನೀನು ಹೇಳಿದ್ದೇ ಸರಿ. ನಾನು ಎಲ್ಲಾ ಓದಿ ನೋಡಿದೆ. ಹೊಟ್ಟೆಗೆ ಕೊಡೋದೇ ಮೇಲು ಅಂತ ಎಲ್ಲರೂ ಬರೆದಿದಾರೆ. ನರಕ್ಕೆ ಕೊಟ್ಟಿದ್ರೆ ನೀನು ಯುಗಾದಿ ನೋಡ್ತಿರಲಿಲ್ಲ.”

“ನಿಜವಾ?”

“ನಿಜ.”

“ಸರಿ ಬಿಡು,” ಎಂದು ಆಕೆ ಕಣ್ಣು ಮುಚ್ಚಿದರು. ಹುಬ್ಬಿನ ನಡುವಿನ ಗಂಟು ಸ್ವಲ್ಪ ಸಡಿಲವಾಯಿತು. ಆಷಾಢದಲ್ಲಿ, ಒಂದು ಮಧ್ಯಾಹ್ನ ಪಂಕಜಾ ಅತ್ತೆಯ ತಲೆ ಬಾಚುತ್ತಿದ್ದಾಗಲೇ, ಲಕ್ಷ್ಮಿದೇವಮ್ಮ ತೀರಿಕೊಂಡರು.

ವೈಕುಂಠ ಸಮಾರಾಧನೆ ಮುಗಿದ ಮೇಲೆ ಚೂಡಾಮಣಿ ತಮ್ಮನ ಹತ್ತಿರ ಬಂದು, “ನಿನ್ನ ಸುಮ್ಸುಮ್ನೆ ಅಂದೆ ಕಣೋ, ಮನಸ್ಸಿಗೆ ಹಾಕ್ಕೋಬೇಡ. ಮೊದಲೇ ಯಾಕೆ ಹೇಳ್ಲಿಲ್ಲ ಅದನ್ನ?” ಎಂದು ಅತ್ತಳು. ಗಂಗಾಧರಯ್ಯನವರು ಮಾತಾಡಿಸಲು ಬಂದವರಿಗೆಲ್ಲ, “ಮಗ ಲೈಬ್ರರೀನೇ ಜಾಲಾಡಿದ. ಕೊಡಬೇಕಾದ ಔಷಧೀನೇ ಕೊಡಿಸಿದ್ವಿ ಅವಳಿಗೆ. ನಮ್ಮ ಕಡೆಯಿಂದ ಕೊರತೆ ಇರಲಿಲ್ಲ,” ಎನ್ನುತ್ತಿದ್ದರು. ಅದನ್ನು ಹೇಳುವಾಗ ಅವರ ಬೆನ್ನು ತುಸು ನೆಟ್ಟಗಾಗುತ್ತಿತ್ತು. ಅನಂತಪದ್ಮನಾಭ ಇಬ್ಬರಿಗೂ ಏನೂ ಹೇಳಲಿಲ್ಲ.

ಶ್ರಾವಣದ ಒಂದು ಬೆಳಗ್ಗೆ ಯಡಿಯೂರಿನ ಚಿಕ್ಕಬೈರಪ್ಪ ಮನೆಗೆ ಬಂದ. ಬಡಾವಣೆ ಆಗುವುದಕ್ಕೆ ಮುಂಚೆ ಈ ಕಡೆ ರಾಗಿ ಬೆಳೆಯುತ್ತಿದ್ದವನು. ಈಗ ನಾಲ್ಕು ಬಾಡಿಗೆ ಮನೆ ಕಟ್ಟಿಸಿದ್ದ. ಕೆರೆಯ ಏರಿಯ ಮೇಲೆ ವಾಕಿಂಗ್ ಹೋಗುವಾಗ ಗಂಗಾಧರಯ್ಯನವರಿಗೆ ಪರಿಚಯ. ಜಗುಲಿಯ ಮೇಲೆ ಕುರ್ಚಿ ಕೊಟ್ಟರೂ ಅದರ ತುದಿಯಲ್ಲಷ್ಟೇ ಕೂತ. ಅವತ್ತು ಚೂಡಾಮಣಿಯೂ ಬಂದಿದ್ದಳು. ಪಂಕಜಾ ಕಾಫಿ ತಂದಳು.

“ನಮ್ ಮನೆಯವ್ಳು ಮುನಿವೆಂಕಟಮ್ಮಂಗೂ ಅದೇ ಕಾಯ್ಲೆ ಅಂತ ಅಂದವ್ರೆ ಡಾಕ್ಟ್ರು,” ಎಂದ ಚಿಕ್ಕಬೈರಪ್ಪ ಅನಂತಪದ್ಮನಾಭನಿಗೆ. “ಹೊಟ್ಟೆಗೂ ಕೊಡ್ಬೋದಂತೆ, ನರಕ್ಕೂ ಕೊಡ್ಬೋದಂತೆ. ಯಜಮಾನ್ರು ಏರಿ ಮ್ಯಾಗೆ ಸಿಕ್ಕಿ ಹೇಳುದ್ರು, ನಮ್ ಹುಡ್ಗ ಎಲ್ಲಾ ಓದವ್ನೆ, ಹೊಟ್ಟೆಗೇ ಸರಿ ಅಂತ. ನಿಮ್ ಬಾಯಲ್ಲೊಂದು ಮಾತು ಕೇಳ್ಕಂಡು ಹೋಗವಾ ಅಂತ ಬಂದೆ ಸ್ವಾಮಿ. ನೀವಂದಂಗೆ ಮಾಡಿಸ್ತೀನಿ.”

“ಹೇಳೋ ಅನಂತು,” ಎಂದರು ಗಂಗಾಧರಯ್ಯನವರು ಪೇಪರಿನಿಂದ ತಲೆಯೆತ್ತಿ. “ವಿವರವಾಗಿ ಹೇಳು.”

ಒಂದು ಮಾತು ಸಾಕಾಗಿತ್ತು. ಹೌದು ಎಂದರೆ ಅಪ್ಪನ ಬೆನ್ನು ಹಾಗೇ ನೆಟ್ಟಗಿರುತ್ತಿತ್ತು, ಅಕ್ಕನ ಮನಸ್ಸು ಹಾಗೇ ತಣ್ಣಗಿರುತ್ತಿತ್ತು. ಆದರೆ ಯಡಿಯೂರಿನ ಯಾವುದೋ ಮನೆಯಲ್ಲಿ ಅವನು ನೋಡದ ಒಬ್ಬ ಹೆಂಗಸು ಆ ಒಂದು ಮಾತಿನ ಮೇಲೆ ಹೊಟ್ಟೆ ಚುಚ್ಚಿಸಿಕೊಳ್ಳಬೇಕಾಗಿತ್ತು. ಪಂಕಜಾ ಬಾಗಿಲಲ್ಲಿ ನಿಂತು ಗಂಡನನ್ನೇ ನೋಡುತ್ತಿದ್ದಳು. ತಾಯಿಗೆ ಹೇಳಿದ್ದು ಸುಳ್ಳೆಂದು ಅವಳಿಗೆ ಮೊದಲಿಂದಲೂ ಗೊತ್ತಿತ್ತು ಎಂದು ಅವನಿಗೆ ಆಗ ಅನ್ನಿಸಿತು.

“ಗೊತ್ತಿಲ್ಲ ಚಿಕ್ಕಬೈರಪ್ಪನವರೇ,” ಎಂದ. “ಯಾವುದು ಮೇಲು ಅಂತ ನನಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ, ಆ ಪತ್ರಿಕೆಗಳಲ್ಲಿ ಬರೆದವರಿಗೂ ಗೊತ್ತಿಲ್ಲ.”

ಗಂಗಾಧರಯ್ಯನವರು ಪೇಪರನ್ನು ತೊಡೆಯ ಮೇಲಿಟ್ಟರು. “ಮತ್ತೆ ಅವಳಿಗೆ ಹೇಳಿದ್ದು?”

“ಅಮ್ಮ ಕೇಳಿದ್ರು ಅಪ್ಪ. ಅದಕ್ಕೆ ಹೇಳಿದೆ.”

ಗಂಗಾಧರಯ್ಯನವರು ಎದ್ದರು. ಪೇಪರು ಕೆಳಗೆ ಬಿತ್ತು. ಒಳಗೆ ಹೋಗಿಬಿಟ್ಟರು. ಚೂಡಾಮಣಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತಳು.

ಚಿಕ್ಕಬೈರಪ್ಪ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದ. “ಅಂಗಾದ್ರೆ ನಾನೇನ್ಮಾಡ್ಲಿ ಸ್ವಾಮಿ?”

“ಹೊಟ್ಟೆಗೆ ಕೊಟ್ರೆ ಏನೇನು ಕಷ್ಟ, ನರಕ್ಕೆ ಕೊಟ್ರೆ ಏನೇನು ಕಷ್ಟ ಅಂತ ನಾನು ಹೇಳ್ತೀನಿ. ಡಾಕ್ಟರ ಹತ್ತಿರ ನಿಮ್ಮ ಜೊತೆ ಬರ್ತೀನಿ. ಯಾವುದು ಕೊಡಿಸಿದ್ರೂ ಆಮೇಲೆ ಇನ್ನೊಂದು ಕೊಡಿಸಬೇಕಿತ್ತು ಅನ್ನಿಸತ್ತೆ. ಆಗ ಮನೇಲಿ ಒಬ್ಬರನ್ನೊಬ್ಬರು ಬೈಯಬೇಡಿ. ಇದಕ್ಕಿಂತ ಹೆಚ್ಚಿಗೆ ನನಗೆ ಗೊತ್ತಿಲ್ಲ.”

ಚಿಕ್ಕಬೈರಪ್ಪ ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಲೋಟ ಕೆಳಗಿಟ್ಟ. ಟವಲಿನಿಂದ ಬಾಯಿ ಒರೆಸಿಕೊಂಡ. “ಅದೆಲ್ಲಾ ಸರಿ ಸ್ವಾಮಿ. ನಾನು ಮನೇಗೋಗ್ತಿದ್ದಂಗೆ ಅವ್ಳು ಕೇಳ್ತಾಳೆ, ಓದಿರೋರು ಏನಂದ್ರು ಅಂತ. ಏನಂತ ಹೇಳ್ಲಿ ಅವ್ಳಿಗೆ?”

ಅನಂತಪದ್ಮನಾಭ ಕೆಳಗೆ ಬಿದ್ದಿದ್ದ ಪೇಪರನ್ನು ಎತ್ತಿ ಮಡಿಸಿದ. ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ಯಾರೂ ಅವಳನ್ನು ಕರೆಯಲಿಲ್ಲ.

ಬಾಗಿಲಲ್ಲಿ ಗಂಗಾಧರಯ್ಯನವರು ಕಾಣಿಸಿಕೊಂಡರು. ಮುಖ ತೊಳೆದುಕೊಂಡು ಬಂದಿದ್ದರು; ಹುಬ್ಬಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಮಗನ ಕಡೆ ನೋಡದೆ, ಚಿಕ್ಕಬೈರಪ್ಪನ ಎದುರಿಗೆ ಬಂದು ನಿಂತರು.

“ಸರಿಯಾದ್ದನ್ನೇ ಕೊಡಿಸ್ತಿದೀವಿ ಅಂತ ಹೇಳಪ್ಪ ಅವಳಿಗೆ,” ಎಂದರು.